ನಡುವೆ ಇಟ್ಟ ಮಡಕೆ

ಕಳೆದ ಚಳಿಗಾಲದಲ್ಲಿ ಗೆಳೆಯರೊಬ್ಬರು ಬೆಂಗಳೂರಿನ ಜಪಾನಿ ಹೋಟೆಲೊಂದಕ್ಕೆ ಕರೆದೊಯ್ದು ‘ನಬೆ’ ಉಣಿಸಿದರು. ನಬೆ ಎಂದರೆ ಮಡಕೆ, ಪಾತ್ರೆ ಎಂದಷ್ಟೇ ಅರ್ಥ. ಮೇಜಿನ ನಡುವೆ ಪುಟ್ಟ ಒಲೆ, ಅದರ ಮೇಲೆ ಕುದಿಯುವ ತಿಳಿಸಾರು, ಸುತ್ತಲೂ ಹೆಚ್ಚಿಟ್ಟ ಕೋಸು, ಅಣಬೆ, ತೋಫು, ಕೋಳಿಯ ತುಂಡುಗಳು. ಬೇಯಿಸುವುದೂ ಉಣ್ಣುವುದೂ ಒಟ್ಟೊಟ್ಟಿಗೇ. ಯಾವುದನ್ನು ಈಗ ಹಾಕಬೇಕು, ಯಾವುದು ಬೆಂದಿದೆ ಎಂದು ದರ್ಪ ತೋರುವವರನ್ನು ಜಪಾನೀಯರು ‘ನಬೆ ಬುಗ್ಯೋ’, ಅಂದರೆ ಮಡಕೆಯ ಮ್ಯಾಜಿಸ್ಟ್ರೇಟ್ ಎಂದು ಗೇಲಿ ಮಾಡುತ್ತಾರೆ. ಅಂದು ಆ ಹುದ್ದೆಯನ್ನು ನನ್ನ ಗೆಳೆಯರೇ ಅಲಂಕರಿಸಿದ್ದರು.

ಮೊದಲ ಗುಟುಕಿಗೇ ನೆನಪಾದದ್ದು ನನ್ನ ಮಧುಗಿರಿ. ಆ ಸಾರಿನ ಜೀವಾಳ ‘ಕೊಂಬು’ ಎಂಬ ಕಡಲಪಾಚಿ. 1908ರಲ್ಲಿ ವಿಜ್ಞಾನಿ ಕಿಕುನೆ ಇಕೆಡಾ ಅದರಿಂದಲೇ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಕಡಲನ್ನೇ ಕಾಣದ ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಹುರುಳಿ, ಅಲಸಂದೆಗಳು ಮಾಡುತ್ತವೆ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಂಡು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಹುಣಸೆ ಅರೆದು ಕುದಿಸಿದರೆ ಬಸ್ಸಾರು. ಉಳಿದ ಕಾಳು ಸೊಪ್ಪು ಪಲ್ಯ. ಶಿರಾ, ಕೊರಟಗೆರೆಗಳಲ್ಲಿ ಇದರ ಜೊತೆಗೆ ಮುದ್ದೆ. ತೆಲುಗು ಬೆರೆತ ಪಾವಗಡಕ್ಕೆ ಹೋದರೆ ಅದೇ ಮುದ್ದೆ ಸಂಗಟಿಯಾಗುತ್ತದೆ. ಮಳೆ ಕೈಕೊಡುವ ನಾಡಿನಲ್ಲಿ ಬೇಯಿಸಿದ ನೀರನ್ನೂ ಚೆಲ್ಲದ ಅಡುಗೆಯಿದು.

ಆದರೆ ಗೆಳೆಯರು ತಾವು ಬಾಯಿಗಿಟ್ಟ ಕಡ್ಡಿಯನ್ನೇ ಮತ್ತೆ ಮಡಕೆಗೆ ಇಳಿಸಿದಾಗ ನನ್ನ ಕೈ ತಡೆಯಿತು. ಎಂಜಲು! ಓದು, ನೌಕರಿ, ನಗರ ಯಾವುದೂ ಆ ಪದವನ್ನು ನನ್ನಿಂದ ಪೂರ್ತಿ ತೊಳೆದಿರಲಿಲ್ಲ.

ಜಪಾನೂ ಹುಟ್ಟಿನಿಂದಲೇ ಒಂದೇ ಮಡಕೆಯ ದೇಶವಲ್ಲ. ಎಡೊ ಕಾಲದಲ್ಲಿ ಪ್ರತಿಯೊಬ್ಬರ ಮುಂದೆಯೂ ಪ್ರತ್ಯೇಕ ಪುಟ್ಟ ಮಣೆ. ಕೂರುವ ಜಾಗಕ್ಕೂ ಅಂತಸ್ತಿನ ಲೆಕ್ಕ. 1871ರಲ್ಲಿ ಅಲ್ಲಿನ ಸರ್ಕಾರ ಹೊರಗಿಟ್ಟ ಸಮುದಾಯಗಳ ಹೀನ ಹೆಸರುಗಳನ್ನು ರದ್ದುಪಡಿಸಿತು. 1872ರಲ್ಲಿ ಚಕ್ರವರ್ತಿ ಮೇಜಿ ಗೋಮಾಂಸ ತಿಂದ ಸುದ್ದಿ ಹೊರಬಿತ್ತು. ಬಳಿಕ ಗೋಮಾಂಸದ ಮಡಕೆಯೂಟ ಹೊಸ ಕಾಲದ ಗುರುತೇ ಆಯಿತು. ಹಾಗೆಂದು ತಾರತಮ್ಯವೇನೂ ಆವಿಯಾಗಲಿಲ್ಲ. ಬುರಾಕು ಜನರ ವಿರುದ್ಧದ ತಾರತಮ್ಯ ತೊಡೆಯಲು 2016ರಲ್ಲಿ ಮತ್ತೊಂದು ಕಾಯ್ದೆಯನ್ನೇ ತರಬೇಕಾಯಿತು.

ನಮ್ಮಲ್ಲಿ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೋಟೆಲಿನ ಪ್ರವೇಶವನ್ನಷ್ಟೇ ಅಲ್ಲ, ಅಲ್ಲಿನ ಪಾತ್ರೆಗಳ ಬಳಕೆಯನ್ನೂ ಹೆಸರಿಸಿ ಹೇಳಿದೆ. ಆದರೂ ನನ್ನ ಬಾಲ್ಯದ ಹಳ್ಳಿಯ ಚಹಾದಂಗಡಿಯ ಸೂರಿನ ಕೆಳಗೆ ಕೆಲವು ಲೋಟಗಳು ಬೇರೆಯೇ ಇದ್ದವು. ಕುಡಿದವರೇ ಅವನ್ನು ತೊಳೆದು ಸಿಕ್ಕಿಸಿ ಹೋಗುತ್ತಿದ್ದರು. ನಾವು ಒಳಗೆ ಕುಳಿತು ಬೋಂಡ ತಿನ್ನುತ್ತಿದ್ದೆವು. ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈಚೆಗೆ ಮಧುಗಿರಿಯ ಮುದ್ದೆ ಹೋಟೆಲೊಂದರಲ್ಲಿ ಉಣ್ಣುತ್ತಿದ್ದೆ. ಏಕಶಿಲಾ ಬೆಟ್ಟದ ಬಿಸಿಲು ಬಾಗಿಲವರೆಗೂ ಬಂದಿತ್ತು. ಸ್ಟೀಲಿನ ಒಂದೇ ಬಕೆಟ್ಟಿನಿಂದ ವಕೀಲರಿಗೂ ಲಾರಿ ಚಾಲಕರಿಗೂ ಬಸ್ಸಾರು ಸುರಿಯುತ್ತಿತ್ತು. ಅದೂ ಒಂದು ಬಗೆಯ ನಬೆಯೇ, ಒಲೆ ಮಾತ್ರ ಒಳಗೆ. ನನ್ನೆದುರು ಕೂತಿದ್ದ ಮುದುಕರು ಊಟ ಮುಗಿಸಿ, ತಟ್ಟೆ ಲೋಟ ಎರಡನ್ನೂ ಎತ್ತಿಕೊಂಡು ನಲ್ಲಿ ಎಲ್ಲಿದೆ ಎಂದು ಸುತ್ತ ನೋಡಿದರು.

‘ಅಲ್ಲೇ ಇಡಿ ತಾತ, ನಾವ್ ತೊಳೀತೀವಿ’ ಎಂದ ಬಡಿಸುವ ಹುಡುಗ.

ಅವರು ತಟ್ಟೆಯನ್ನು ಇಟ್ಟರು. ಲೋಟವನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು.