ಅರ್ಬುದ ರೋಗಿಯೂ ಕಲಿತ ದಾದಿಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕ್ಯಾನ್ಸರ್ ರೋಗಿಯು ಚಿಕಿತ್ಸೆಗೆಂದು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಡಬೇಕಾಗುತ್ತದೆ. 2019ರಲ್ಲಿ ಗಂಗಾವತಿಗೂ 2025ರಲ್ಲಿ ಕುಷ್ಟಗಿಗೂ ರೈಲು ಬಂದುದರಿಂದ ಪ್ರಯಾಣದ ಕಷ್ಟವು ಕೊಂಚ ತಗ್ಗಿತೆನ್ನಬಹುದು. ಆದರೆ ಔಷಧಿಯನ್ನು ಏರಿಸಿಕೊಂಡು ಊರಿಗೆ ಮರಳಿದ ರೋಗಿಯನ್ನು ನೋಡಿಕೊಳ್ಳತಕ್ಕವರು ಯಾರು?

ಪ್ರಶ್ನೆಯು ಸಣ್ಣದಲ್ಲ. ಕಿಮೊಥೆರಪಿಯಾದ ಒಂದೆರಡು ವಾರಗಳಲ್ಲಿ ರಕ್ತದ ಬಿಳಿ ಕಣಗಳು ಕುಗ್ಗುತ್ತವೆ. ಆಗ ಬರುವ ಜ್ವರವು ಸಾಮಾನ್ಯ ಜ್ವರವಲ್ಲ. ಆಸ್ಪತ್ರೆಗೆ ಬಂದ ಗಂಟೆಯೊಳಗೆ ಆಂಟಿಬಯೋಟಿಕ್ ಮೈಸೇರಬೇಕು. ಇದನ್ನರಿತ ದಾದಿಯು ತಾಲ್ಲೂಕಿನ ಆಸ್ಪತ್ರೆಯಲ್ಲಿದ್ದರೆ ಜೀವವುಳಿದೀತು. ಅರಿಯದವರು ಜ್ವರದ ಗುಳಿಗೆ ಕೊಟ್ಟು ‘ನಾಳೆ ಬನ್ನಿ’ ಎಂದಾರು. ಡಾಕ್ಸೊರುಬಿಸಿನ್‌ನಂತಹ ಔಷಧಿಯು ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಮಾಂಸವೇ ಸಾಯುತ್ತದೆ. ಅದನ್ನು ಮೊದಲು ಕಾಣುವುದು ವೈದ್ಯರ ಕಣ್ಣಲ್ಲ, ಮಗ್ಗುಲಲ್ಲಿರುವ ದಾದಿಯ ಕಣ್ಣು. 2025ರಲ್ಲಿ ರಾಜ್ಯ ಸರಕಾರವು 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೊಥೆರಪಿಯನ್ನು ಆರಂಭಿಸಿದಂದಿನಿಂದಂತೂ ಈ ಹೊಣೆಯು ರಾಜಧಾನಿಯನ್ನು ಬಿಟ್ಟು ಜಿಲ್ಲೆಗಳಿಗಿಳಿದಿದೆ.

ಈ ಕೆಲಸಕ್ಕಾಗಿಯೇ ಭಾರತೀಯ ನರ್ಸಿಂಗ್ ಪರಿಷತ್ತು ನೋಂದಾಯಿತ ದಾದಿಯರಿಗೆ ಒಂದು ವರ್ಷದ ಡಿಪ್ಲೊಮಾವನ್ನು ಗೊತ್ತುಪಡಿಸಿದೆ. ಎರಡು ವರ್ಷದ ಎಂ.ಎಸ್ಸಿ.ಯಲ್ಲಿಯೂ ಈ ವಿಷಯವನ್ನು ಆಯ್ದುಕೊಳ್ಳಬಹುದು. ಬೋಧಕರಾಗತಕ್ಕವರಿಗೆ ಅದು ಯುಕ್ತ. ನಮ್ಮ ತಾಲ್ಲೂಕುಗಳಿಗೆ ಬೇಕಾದುದು ಡಿಪ್ಲೊಮಾವೇ ಎಂದು ನಮ್ಮ ಮತ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲ ಕಡೆಯ ಶಿಕ್ಷಣವೂ ಒಂದೇ ಆಗಲಾರದು. ಕಟ್ಟಡವನ್ನೂ ಪ್ರಮಾಣಪತ್ರದ ಮುದ್ರೆಯನ್ನೂ ನೋಡಿ ಬೆಲೆ ಕಟ್ಟುವುದು ಸಲ್ಲದು. ಕಲಿಯುವವಳು ಹಿರಿಯರ ಕಣ್ಣೆದುರಿನಲ್ಲಿ ಎಷ್ಟು ರೋಗಿಗಳಿಗೆ ಕೈಯಾರೆ ಔಷಧಿ ಏರಿಸಿದಳು, ವಿಕಿರಣ ಚಿಕಿತ್ಸೆಯ ವಿಭಾಗದಲ್ಲಿ ಎಷ್ಟು ದಿನ ದುಡಿದಳು, ಗುಣವಾಗದ ರೋಗಿಯ ನೋವನ್ನು ಅಳೆದು ವೈದ್ಯರಿಗೆ ತಿಳಿಸಿ ಮಾರ್ಫಿನ್ನಿನ ಹದವನ್ನು ಕಾಯಬಲ್ಲಳೇ? ಇವನ್ನು ಕೇಳಬೇಕು. ಕ್ಯಾನ್ಸರ್ ವಿಭಾಗವೇ ಇಲ್ಲದ ಆಸ್ಪತ್ರೆಯಲ್ಲಿ ಕುಳಿತು ಕಲಿಯುವ ವಿದ್ಯೆ ಇದಲ್ಲ. (ಗಂಡಸರೂ ಈ ವೃತ್ತಿಯಲ್ಲಿದ್ದಾರೆ, ಅವರಿಗೂ ಇದೇ ಒರೆಗಲ್ಲು.)

ಇನ್ನೊಂದು ಪ್ರಶ್ನೆಯನ್ನು ಇಲಾಖೆಗೇ ಹಾಕಬೇಕಾಗಿದೆ: ಕಲಿತು ಬಂದವಳನ್ನು ಎಲ್ಲಿ ನಿಯಮಿಸುವಿರಿ? ವರ್ಷವಿಡೀ ಕಿಮೊಥೆರಪಿ ಕಲಿತವಳನ್ನು ಹೆರಿಗೆಯ ವಾರ್ಡಿಗೆ ಕಳುಹಿದರೆ, ಇಲ್ಲವೇ ಹೊರರೋಗಿಗಳ ಚೀಟಿ ಬರೆಯಲು ಕೂರಿಸಿದರೆ, ಅದು ಪಠ್ಯಕ್ರಮದ ದೋಷವಲ್ಲ. 2015ರಲ್ಲಿ ಆರಂಭವಾದ ಕೊಪ್ಪಳದ ವೈದ್ಯಕೀಯ ಸಂಸ್ಥೆಯಿಂದಲೂ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಸ್ಪತ್ರೆಗಳಿಂದಲೂ ಇಬ್ಬಿಬ್ಬರನ್ನು ಸಂಬಳಸಹಿತವಾಗಿ ಕಿದ್ವಾಯಿಯಂತಹ ಸಂಸ್ಥೆಗೆ ಕಳುಹಿಸಲಿ. ಮರಳಿದ ಮೇಲೆ ಮೂರು ವರ್ಷ ಅದೇ ಕೆಲಸದಲ್ಲಿರಿಸುವೆವೆಂದು ಮೊದಲೇ ಬರೆದುಕೊಡಲಿ. ಅವರು ಹೋದ ವರ್ಷಕ್ಕೆ ಬದಲಿ ದಾದಿಯರನ್ನೂ ಆಗಲೇ ಗೊತ್ತುಮಾಡಬೇಕು. ಇಲ್ಲವಾದರೆ ಯಾವ ವೈದ್ಯಾಧಿಕಾರಿಯೂ ತನ್ನ ವಾರ್ಡಿನ ಒಳ್ಳೆಯ ದಾದಿಯನ್ನು ಬಿಟ್ಟುಕೊಡಲಾರನು.