ತೋಟೆ ಸಿಗದ ಕೋವಿ

ರೋಗವನ್ನು ಕಳೆಯುವುದಕ್ಕೂ ಪ್ರಾಣವನ್ನು ಕಳೆಯುವುದಕ್ಕೂ ಒಂದೇ ಮಾತನ್ನು ಇಟ್ಟುಕೊಂಡಿರುವ ಭಾಷೆ ನಮ್ಮದು. ವೈದ್ಯನು ಕೊಡುವುದೂ ಮದ್ದು, ಕೋವಿಯ ನಳಿಗೆಯಲ್ಲಿ ಜಡಿಯುವುದೂ ಮದ್ದು, ಆಗದವರು ಅನ್ನದಲ್ಲಿ ಬೆರೆಸಿ ಇಕ್ಕುವರೆಂದು ಹಳ್ಳಿಗರು ಅಂಜುವುದೂ ಮದ್ದೇ. ಇದನ್ನು ಕನ್ನಡದ ಬಡತನವೆಂದು ಭಾವಿಸಬೇಕಾಗಿಲ್ಲ. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಎಂಬ ಮಾತುಗಳಿಗೂ ಇದೇ ಇಬ್ಬಗೆಯ ಅರ್ಥವುಂಟು. ಸಿಡಿಮದ್ದನ್ನು ಮೊದಲು ಕಂಡುಕೊಂಡ ಚೀನೀಯರಂತೂ ಅದಕ್ಕೆ ‘ಬೆಂಕಿಯ ಔಷಧ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಬಂದೂಕು ಅರಬ್ಬೀ ಮೂಲದ್ದು, ತುಪಾಕಿ ತುರ್ಕಿಯಿಂದ ಬಂದದ್ದು. ಕೋವಿಯೊಂದೇ ಅಚ್ಚ ನಮ್ಮ ಮಾತು. ಕೊಳವೆ ಎಂಬುದೇ ಅದರ ಅರ್ಥ. ಕೊಡವರು ಅದನ್ನು ‘ತೋಕ್’ ಎನ್ನುತ್ತಾರೆ. ಮಲಯಾಳದ ‘ತೋಕ್ಕ್’ ಅದರ ಒಡಹುಟ್ಟು.

ಕೊಡಗಿನಲ್ಲಿ ಕೋವಿಯು ಬರಿಯ ಆಯುಧವಲ್ಲ, ಮನೆಯ ಒಬ್ಬ ಸದಸ್ಯನಿದ್ದಂತೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಸದ್ದನ್ನು ಎಣಿಸಿಯೇ ನೆರೆಯವರು ಸುದ್ದಿಯನ್ನು ತಿಳಿಯುತ್ತಿದ್ದರು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರಲೇಬೇಕು. ನಾಟಿಯ ಕೆಲಸ ಮುಗಿದು, ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ ಪೂಜೆಗೆ ಇಡುತ್ತಾರೆ. ಕೋವಿಯ ಬಾಯಿಗೆ ಕೆಂಪು-ಹಳದಿಯ ತೋಕ್‌ಪೂವನ್ನು ಸಿಕ್ಕಿಸುತ್ತಾರೆ. ನಾವು ಅಗ್ನಿಶಿಖೆ ಎನ್ನುವ ಹೂವು ಅದೇ. ಗಡ್ಡೆಯಿಂದ ಹೂವಿನವರೆಗೆ ವಿಷವಾಗಿರುವ ಈ ಬಳ್ಳಿಯೂ ವೈದ್ಯರ ಮದ್ದಿನ ಪೆಟ್ಟಿಗೆಯಲ್ಲಿ ಸ್ಥಾನ ಪಡೆದಿದೆ ಎಂಬುದನ್ನು ನೆನೆದರೆ, ಹೂವನ್ನು ಆರಿಸಿದವರ ಜಾಣ್ಮೆಗೆ ತಲೆದೂಗಬೇಕೆನಿಸುತ್ತದೆ.

ಈ ಕೋವಿಗೆ ಕಾನೂನಿನ ರಕ್ಷೆಯೂ ಇದೆ. 1857ರ ದಂಗೆಯ ಬಳಿಕ ದೇಶದ ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಂಡ ಆಂಗ್ಲ ಸರ್ಕಾರವು 1861ರಲ್ಲಿ ಕೊಡಗರನ್ನು ಆ ಕಟ್ಟಳೆಯಿಂದ ಬಿಟ್ಟಿತು. ಆಗ ಮೈಸೂರು-ಕೊಡಗುಗಳ ಕಮಿಷನರಾಗಿದ್ದವರು ಮಾರ್ಕ್ ಕಬ್ಬನ್. ಸ್ವತಂತ್ರ ಭಾರತದಲ್ಲಿ 1963ರ ಅಧಿಸೂಚನೆಯು ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ನೀಡಿತು. ಜಿಲ್ಲೆಯ ಹೊರಗೆ ಒಯ್ಯುವುದಾದರೆ ಒಂದು ರೈಫಲ್ಲು ಮತ್ತು ಅದಕ್ಕೆ 100 ತೋಟೆ, ಒಂದು ನುಣುಪು ನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟೆ ಎಂದು ಅದರಲ್ಲಿ ಲೆಕ್ಕ ಕಟ್ಟಿದೆ. ಜಾತಿಯನ್ನು ನೋಡಿ ಕೊಟ್ಟ ಈ ಸವಲತ್ತು ಸಮಾನತೆಗೆ ಒಪ್ಪುವುದೇ ಎಂದು ನ್ಯಾಯಾಲಯದ ಮೆಟ್ಟಿಲೇರಿದವರಿದ್ದಾರೆ. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಪ್ರಶ್ನೆಯನ್ನು ಕೇಳಿದವರದು ಕ್ಷುಲ್ಲಕ ಪ್ರಶ್ನೆಯಾಗಿತ್ತೆಂದು ಮಾತ್ರ ನಾನು ಹೇಳಲಾರೆ.

ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಸರಿ. ಆದರೆ ಅದಕ್ಕೆ ತುಂಬುವುದೇನನ್ನು?

ಸಿದ್ದಾಪುರದ ಸಮೀಪ, ಕಾವೇರಿಗೆ ಹೆಚ್ಚು ದೂರವಲ್ಲದ ಒಂದು ಕಾಫಿ ತೋಟದ ಮನೆಯಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು. ಬಿಳಿಯ ಪ್ಲಾಂಟರುಗಳು ‘ಬ್ಯಾಂಬೂ’ ಎಂದು ಕರೆದ ಸೀಮೆ ಅದು. ಮನೆಯ ಹಿರಿಯರು ತಮ್ಮ ಅಜ್ಜನ ರೈಫಲ್ಲನ್ನು ತೋರಿಸಿದರು. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆ ತಯಾರಿಸಿದ .318 ಅಳತೆಯ ರೈಫಲ್ಲು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತ, ಆಫ್ರಿಕಗಳ ಕಾಡುಗಳಲ್ಲಿ ಹೆಸರಾಗಿದ್ದ ಅಳತೆ. ಎಣ್ಣೆಯುಂಡ ಮರದ ಹಿಡಿ ಈಗಲೂ ಕನ್ನಡಿಯಂತಿದೆ. “ಕೋವಿಗೇನೂ ಕೊರತೆಯಿಲ್ಲ ಮೇಷ್ಟ್ರೇ, ಊಟ ಹಾಕುವವರಿಲ್ಲ” ಎಂದರು ಅವರು. ಉಳಿದಿರುವುದು ಎರಡೇ ತೋಟೆಗಳು. ಸಾವಿನ ದಿನಕ್ಕಾಗಿಯೇ ಎಂದು ನಾನು ಮನಸ್ಸಿನಲ್ಲಿ ಊಹಿಸುತ್ತಿರುವಾಗ ಅವರೇ ನಕ್ಕು, “ಆ ಕೆಲಸಕ್ಕೆ ಜೋಡಿನಳಿಗೆ ಇದೆ. ಇವು ಸಿಡಿಯುವುದೂ ಅನುಮಾನ” ಎಂದರು. ಕೊಡಗಿನ ಮಳೆಗಾಲದ ಶೀತ ಎಂತಹ ಕೇಪನ್ನೂ ಕೆಡಿಸುತ್ತದೆ.

ಹಿಂದಿನ ಕೇಪಿನ ಕೋವಿಗೆ ಈ ತೊಂದರೆ ಇರಲಿಲ್ಲ. ಬಾಯಿಯಿಂದ ಮಸಿಯನ್ನು ಸುರಿದು, ನಾರನ್ನು ತುರುಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿದರೆ ಆಯಿತು. ಪ್ರತಿಯೊಂದು ಈಡೂ ಕೈಯಡುಗೆ. ತೋಟೆಕೋವಿ ಬಂದ ಮೇಲೆ ಅಡುಗೆ ಕಾರ್ಖಾನೆಗೆ ಹೋಯಿತು. ಕೇಪು, ಮದ್ದು, ಗುಂಡು ಮೂರನ್ನೂ ಒಂದು ಹಿತ್ತಾಳೆಯ ಚಿಪ್ಪಿನಲ್ಲಿ ಕಟ್ಟಿಕೊಡುವುದೇ ತೋಟೆ. ನಳಿಗೆಯ ಹಿಂತುದಿಯಲ್ಲಿ ಈ ಚಿಪ್ಪಿನ ಆಕಾರಕ್ಕೆ ಸರಿಯಾಗಿ ಕೊರೆದ ಗೂಡಿರುತ್ತದೆ. ಗುಂಡು ಹಾರಿದ ಕ್ಷಣದಲ್ಲಿ ಹಿತ್ತಾಳೆ ಹಿಗ್ಗಿ ಗೂಡಿನ ಗೋಡೆಗೆ ಒತ್ತಿಕೊಂಡು, ಉರಿಗಾಳಿ ಹಿಂದಕ್ಕೆ ಬಂದು ಮುಖಕ್ಕೆ ಹೊಡೆಯದಂತೆ ತಡೆಯುತ್ತದೆ. ಮರುಕ್ಷಣ ತುಸು ಕುಗ್ಗಿ, ಸುಲಭವಾಗಿ ಹೊರಬರುತ್ತದೆ. ಆದುದರಿಂದ ಗೂಡಿಗೂ ಚಿಪ್ಪಿಗೂ ಅಳತೆ ಕೂಡಿಬರಲೇಬೇಕು. ಕೂದಲೆಳೆಯ ವ್ಯತ್ಯಾಸವೂ ಅಪಾಯವೇ.

ಹಾರಿಸಿದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹೋಗುತ್ತದೆ, ಹಿತ್ತಾಳೆ ಮಾತ್ರ ಉಳಿಯುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ತುಂಬುವ ಪದ್ಧತಿ ಅಮೆರಿಕದಲ್ಲಿ ಮನೆಮನೆಯ ಹವ್ಯಾಸ. ಹಾಗೆಂದು ಚಿಪ್ಪು ಚಿರಂಜೀವಿಯಲ್ಲ. ಮತ್ತೆ ಮತ್ತೆ ಹಿಗ್ಗಿ ಕುಗ್ಗಿದ ಹಿತ್ತಾಳೆ ಗಡುಸಾಗಿ ಕೊನೆಗೆ ಕತ್ತಿನಲ್ಲಿ ಬಿರಿಯುತ್ತದೆ. ಅಲ್ಲಿಯ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಕಾರ್ಖಾನೆಯೂ ಮಾಡದ ತೋಟೆಯನ್ನು ತಾವೇ ಕಲ್ಪಿಸುತ್ತಾರೆ. ದೊಡ್ಡ ಚಿಪ್ಪಿನ ಕತ್ತನ್ನು ಕಿರಿದು ಮಾಡುವುದು, ಹೆಗಲನ್ನು ಚೂಪಾಗಿಸುವುದು, ಅದಕ್ಕೆ ತಕ್ಕ ಗೂಡನ್ನು ಕಮ್ಮಾರನಿಂದ ಕೊರೆಸುವುದು. ಇಂಥ ತೋಟೆಗೆ ಅವರು ಇಟ್ಟ ಹೆಸರು ‘ವೈಲ್ಡ್‌ಕ್ಯಾಟ್’, ಎಂದರೆ ಕಾಡುಬೆಕ್ಕು. ಇದರ ಒಡೆಯನಿಗೆ ಅಂಗಡಿಯ ಹಂಗಿಲ್ಲ. ಅಂಗಡಿಯ ಆಸರೆಯೂ ಇಲ್ಲ. ತಾನೇ ತುಂಬಿಕೊಂಡರೆ ಉಂಟು.

ಕಾಡುಬೆಕ್ಕು ಒಮ್ಮೊಮ್ಮೆ ನಾಡಿಗೆ ಬರುವುದೂ ಉಂಟು. 1920ರ ಸುಮಾರಿಗೆ ನೀಡ್ನರ್ ಎಂಬ ಕೋವಿಕಾರನು .30-06ರ ಸೈನಿಕ ಚಿಪ್ಪಿಗೆ ಕಿರಿಯ ಗುಂಡನ್ನು ಕೂರಿಸಿದ. ಅರ್ಧ ಶತಮಾನ ಹವ್ಯಾಸಿಗಳ ಮೇಜಿನ ಮೇಲೆಯೇ ಬೆಳೆದ ಆ ತೋಟೆಯನ್ನು 1969ರಲ್ಲಿ ರೆಮಿಂಗ್ಟನ್ ಕಂಪೆನಿ .25-06 ಎಂಬ ಹೆಸರಿನಲ್ಲಿ ತಾನೇ ತಯಾರಿಸತೊಡಗಿತು. ಭಾಷೆಯ ಮೇಷ್ಟರಿಗೆ ಇದು ಹೊಸ ಸಂಗತಿಯೇನಲ್ಲ. ಆಡುಮಾತು ನಿಘಂಟಿಗೆ ಸೇರುವ ಬಗೆಯೂ ಹೀಗೆಯೇ ಅಲ್ಲವೆ?

ನಮ್ಮ ದೇಶದಲ್ಲಿ ವಿಚಿತ್ರ ಅಳತೆಗಳು ಹುಟ್ಟಿದ್ದು ಹವ್ಯಾಸದಿಂದಲ್ಲ, ಅಂಜಿಕೆಯಿಂದ. ಸೈನ್ಯದ ಕೋವಿಗೆ ಹೊಂದುವ ತೋಟೆಗಳು ಬಂಡಾಯಗಾರರ ಕೈಸೇರಬಾರದೆಂದು ಆಂಗ್ಲ ಸರ್ಕಾರವು 1907ರ ಸುಮಾರಿಗೆ .450 ಅಳತೆಯ ಬೇಟೆಕೋವಿಗಳನ್ನು ಭಾರತಕ್ಕೆ ತರದಂತೆ ತಡೆಯಿತು. ಕೂಡಲೇ ಲಂಡನ್ನಿನ ಕೋವಿಕಾರರು .470, .465 ಎಂದು ಕೂದಲೆಳೆ ಬದಲಿಸಿದ ಹೊಸ ಅಳತೆಗಳನ್ನು ಹೊರತಂದರು. ಆನೆಯ ಬೇಟೆಗೆ ಲೋಕಪ್ರಸಿದ್ಧವಾದ .470 ಹುಟ್ಟಿದ್ದು ಈ ಭಾರತದ ಭಯದ ಹೊಟ್ಟೆಯಲ್ಲಿ. ಆ ಭಯ ಪೂರ್ತಿ ಕಳೆದಿಲ್ಲ. ಸೈನ್ಯದ .303 ಇಂದಿಗೂ ಸಾಮಾನ್ಯ ಪ್ರಜೆಗೆ ನಿಷಿದ್ಧ. ಅದರ ಬದಲಿಗೆ ಈಶಾಪುರದ ಕಾರ್ಖಾನೆಯ.315 ನಮ್ಮ ಹಳ್ಳಿಗಳಲ್ಲಿ ಹರಡಿಕೊಂಡಿತು.

ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ .405 ವಿಂಚೆಸ್ಟರ್ ರೈಫಲ್ಲನ್ನು ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರು ಮರೆತಿರಲಾರರು. 1904ರಲ್ಲಿ ಬಂದ ಆ ತೋಟೆಯೂ ಮುಂದೆ ಕಾರ್ಖಾನೆಗಳಿಂದ ಮರೆಯಾಗಿ, ದಶಕಗಳ ಮೇಲೆ ಅಮೆರಿಕದಲ್ಲಿ ಮತ್ತೆ ತಯಾರಾಯಿತು. ಆ ನಡುವೆ ಅದನ್ನು ಬದುಕಿಸಿಟ್ಟವರು ಮನೆಯಲ್ಲಿ ತುಂಬುವ ಹವ್ಯಾಸಿಗಳೇ.

ಸಿದ್ದಾಪುರದ ಹಿರಿಯರ ಮೊಮ್ಮಗ ಅಮೆರಿಕದಲ್ಲಿದ್ದಾನೆ. ಬೇರೊಂದು ಜಾತಿಯ ಚಿಪ್ಪನ್ನು ಒತ್ತಿ .318ಕ್ಕೆ ಹೊಂದಿಸಬಹುದೆಂದು ಆತ ಬರೆದಿದ್ದನಂತೆ. ಅಲ್ಲಿ ಆಗಬಹುದು. ಇಲ್ಲಿ 1959ರ ಆಯುಧ ಕಾಯಿದೆಯಂತೆ ತೋಟೆಯನ್ನು ತಯಾರಿಸುವುದಕ್ಕೆ ಬೇರೆಯೇ ಪರವಾನಗಿ ಬೇಕು. ಕೋವಿಯ ಪರವಾನಗಿಯಿಂದ ಸಿಕ್ಕ ವಿನಾಯಿತಿ ತೋಟೆಯ ತಯಾರಿಕೆಗೆ ಸಲ್ಲದು. ಇದು ಸರಿಯಾದ ಕಟ್ಟಳೆಯೆಂದೇ ನನ್ನ ಅಭಿಪ್ರಾಯ; ಅಳತೆ ತಪ್ಪಿದ ಮದ್ದಿಗೆ ಮೊದಲು ಬಲಿಯಾಗುವುದು ತುಂಬಿದವನ ಕೈ ಮತ್ತು ಕಣ್ಣು. ಆದರೆ ಹಿರಿಯರ ಸಂಕಟವೂ ಸುಳ್ಳಲ್ಲ. ಹಕ್ಕು ಇದೆ, ಕೋವಿ ಇದೆ, ಬಾಯಿ ಮಾತ್ರ ಮೂಕ.

ಬೇಟೆಯಂತೂ 1972ರ ವನ್ಯಜೀವಿ ಕಾಯಿದೆಯೊಡನೆ ಮುಗಿದುಹೋಯಿತು. ಸಿದ್ದಾಪುರದ ಸುತ್ತ ಕಾಡಾನೆಗಳು ಹಗಲಿನಲ್ಲಿಯೇ ಕಾಫಿಯ ಸಾಲುಗಳ ನಡುವೆ ನಿಂತಿರುತ್ತವೆ. ಕೆಲಸಕ್ಕೆ ಹೊರಟ ಕೂಲಿಯವರು ಪ್ರಾಣ ತೆತ್ತಿದ್ದಾರೆ. ಆನೆಯನ್ನು ಅಟ್ಟಲು ಅರಣ್ಯದ ಸಿಬ್ಬಂದಿ ಹಾರಿಸುವುದು ಪಟಾಕಿ. ಇಂಥಲ್ಲಿ .318 ರೈಫಲ್ಲು ತುಂಬಿದ್ದರೂ ಮಾಡುವುದೇನು ಎಂದು ಕೇಳಿದೆ. “ಮಾಡುವುದು ಏನೂ ಇಲ್ಲ” ಎಂದರು ಹಿರಿಯರು, “ಆದರೆ ಪೂಜೆಗೆ ಇಡುವಾಗ ಅದು ಕೋವಿಯಾಗಿರಬೇಕು, ಕಬ್ಬಿಣವಾಗಿರಬಾರದು.” ಮಾರುವ ಯೋಚನೆ ಅವರಿಗಿಲ್ಲ. ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್‌ವರೆಗೆ ಇದೆ. ಅಷ್ಟರೊಳಗೆ ಮೊಮ್ಮಗ ಊರಿಗೆ ಬಂದು ಅದನ್ನು ವಹಿಸಿಕೊಳ್ಳುವನೋ ಇಲ್ಲವೋ ಎಂಬುದೇ ಅವರಿಗಿರುವ ಚಿಂತೆ.