ಲ್ಯಾವೆಂಡರ್: ಹೊಲದ ಬೆಳೆ, ಹಿತ್ತಿಲ ಗಿಡ

ಕಣ್ಣಿನಿಂದಲ್ಲ, ಮೂಗಿನಿಂದಲೇ ಪರಿಚಯವಾದ ಹೂಗಳು ಕೆಲವುಂಟು. ಲ್ಯಾವೆಂಡರ್ ಅಂತಹ ಹೂಗಳಲ್ಲಿ ಮೊದಲನೆಯದು. ಆ ಹೆಸರನ್ನು ಕೇಳಿದೊಡನೆ ನಮಗೆ ಸಾಬೂನಿನ ಹೊದಿಕೆ, ಪೌಡರಿನ ಡಬ್ಬಿ, ಕರವಸ್ತ್ರಕ್ಕೆ ಹಚ್ಚಿದ ಒಂದು ತೊಟ್ಟು ಪರಿಮಳದ ನೀರು ನೆನಪಾಗುತ್ತವೆಯೇ ಹೊರತು, ಬೇರು ಕಾಂಡ ಎಲೆಗಳುಳ್ಳ ಗಿಡವೊಂದು ಕಣ್ಣೆದುರು ನಿಲ್ಲುವುದಿಲ್ಲ. ಶೀಷೆಯೊಳಗಿನ ಆ ಪರಿಮಳ ಯಾವ ನೆಲದಲ್ಲಿ ಹುಟ್ಟಿತು, ಯಾರ ಕುಡುಗೋಲಿಗೆ ಸಿಕ್ಕಿತು, ಎಂತಹ ಬೆಂಕಿಯಲ್ಲಿ ಬೆಂದು ಬಂದಿತು ಎಂದು ನಾವು ಕೇಳುವುದೇ ಅಪರೂಪ. ಆದರೆ ಆ ಕಥೆ ಕೇಳತಕ್ಕದ್ದು. ಅದರಲ್ಲಿ ಬಣ್ಣವೂ ಇದೆ, ಬೆವರೂ ಇದೆ. ನಮ್ಮ ಮನೆಯಂಗಳಕ್ಕೆ ಸಲ್ಲುವ ಪಾಠವೂ ಇದೆ.

ತುಲಸಿಯ ಬಂಧು

ಮೊದಲು ಗಿಡದ ಕುಲಗೋತ್ರವನ್ನು ನೋಡೋಣ. ನಿಮ್ಮ ಮನೆಯ ತುಲಸಿಯ ಎಳೆಯ ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಹೊರಳಿಸಿ ನೋಡಿ. ಅದು ದುಂಡಗಿಲ್ಲ, ಚೌಕಾಕಾರವಾಗಿದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಹೂವಿಗೆ ಎರಡು ತುಟಿಗಳು. ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ ಎಲ್ಲಕ್ಕೂ ಇವೇ ಗುರುತುಗಳು. ಲ್ಯಾವೆಂಡರಿಗೂ ಇವೇ. ಅದು ನಮ್ಮ ತುಲಸಿಯ ಬಳಗಕ್ಕೇ ಸೇರಿದ ಗಿಡ. ಹುಟ್ಟೂರು ಮಾತ್ರ ಬೇರೆ: ಮೆಡಿಟರೇನಿಯನ್ ಸಮುದ್ರದ ಸುತ್ತಿನ ಒಣ ಬೆಟ್ಟಗಳು. ಲ್ಯಾಟಿನ್ ಭಾಷೆಯಲ್ಲಿ ‘ತೊಳೆ’ ಎಂಬರ್ಥದ ಧಾತುವಿನಿಂದ ಅದರ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ವ್ಯುತ್ಪತ್ತಿಯನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಅದೇನೇ ಇರಲಿ, ಒಗೆದ ಬಟ್ಟೆಗಳ ನಡುವೆ ಈ ಹೂವನ್ನಿಡುವ ವಾಡಿಕೆ ಯೂರೋಪಿನಲ್ಲಿ ಬಹಳ ಹಳೆಯದು. ನಮ್ಮ ಹಿರಿಯರು ರೇಷ್ಮೆಸೀರೆಯ ಪೆಟ್ಟಿಗೆಯಲ್ಲಿ ಕೇದಗೆಯ ಗರಿಯನ್ನು ಇಡುತ್ತಿದ್ದುದನ್ನು ನೆನೆದರೆ ಈ ವಾಡಿಕೆ ನಮಗೆ ಹೊಸದೆನಿಸದು.

ಇನ್ನೊಂದು ಸಂಗತಿಯನ್ನು ಕೇಳಿದರೆ ಆಶ್ಚರ್ಯವಾದೀತು. ಭಾರತದ ಪರ್ಯಾಯ ದ್ವೀಪದಲ್ಲಿಯೂ ಲ್ಯಾವೆಂಡರ್ ಕುಲದ ಕಾಡುಗಿಡಗಳಿವೆ. ‘ಲ್ಯಾವಂಡುಲ ಬೈಪಿನ್ನೇಟ’ ಎಂಬುದು ದಖ್ಖನಿನ ಹುಲ್ಲುಬಯಲುಗಳಲ್ಲಿ, ಕಲ್ಲುನೆಲಗಳಲ್ಲಿ ತಾನಾಗಿ ಬೆಳೆಯುತ್ತದೆ. ಕನ್ನಡ ನಾಡೂ ಅದರ ನೆಲೆಗಳಲ್ಲೊಂದು. ಸೀಳುಸೀಳಾದ ಎಲೆ, ತೆಳುವಾದ ಹೂಗೊಂಚಲು. ಅತ್ತರಿನ ವ್ಯಾಪಾರಿಗೆ ಅದು ಬೇಡ. ಆದ್ದರಿಂದಲೇ ಯಾರ ಕಣ್ಣಿಗೂ ಬೀಳದೆ ಉಳಿದಿದೆ.

ಪ್ರೊವಾನ್ಸಿನ ಸಾಲುಗಳು

ಲ್ಯಾವೆಂಡರಿನ ಹೊಲವನ್ನು ನೋಡಬೇಕೆನ್ನುವವರು ಸಾಮಾನ್ಯವಾಗಿ ನೆನೆಯುವುದು ಫ್ರಾನ್ಸ್ ದೇಶದ ದಕ್ಷಿಣದ ಪ್ರೊವಾನ್ಸ್ ಪ್ರಾಂತವನ್ನು. 1148ರಲ್ಲಿ ಸ್ಥಾಪಿತವಾದ ಸೆನಾಂಕ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದ ಮುಂದೆ ಹಬ್ಬಿರುವ ನೇರಳೆ ಸಾಲುಗಳ ಚಿತ್ರವನ್ನು ವಾಚಕರು ಯಾವುದಾದರೂ ಗೋಡೆಯ ಕ್ಯಾಲೆಂಡರಿನಲ್ಲಿ ಕಂಡಿರಬಹುದು. ವಲಾನ್ಸೋಲ್ ಎಂಬ ಪ್ರಸ್ಥಭೂಮಿಯಲ್ಲಿಯಂತೂ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ದಿಗಂತದವರೆಗೂ ಬಾಚಣಿಗೆಯಿಂದ ಬಾಚಿದಂತೆ ಸಾಲು ಸಾಲು ಗಿಡಗಳು.

ಆದರೆ ಅಲ್ಲಿ ಕಾಣುವುದೆಲ್ಲ ಅಪ್ಪಟ ಲ್ಯಾವೆಂಡರ್ ಅಲ್ಲ. ಅಪ್ಪಟ ಜಾತಿ ಎತ್ತರದ ತಂಪುನೆಲವನ್ನು ಬಯಸುತ್ತದೆ. ಸೋ ಎಂಬ ಊರಿನ ಸುತ್ತಿನ ಬೆಟ್ಟಗಳು ಅದಕ್ಕೆ ಹೆಸರಾದವು. ವಲಾನ್ಸೋಲಿನಲ್ಲಿ ಹೆಚ್ಚಾಗಿರುವುದು ‘ಲಾವಂಡಿನ್’ ಎಂಬ ಮಿಶ್ರತಳಿ. ಅದು ಬೀಜ ಕಟ್ಟದು. ಕಡ್ಡಿ ನೆಟ್ಟೇ ವಂಶ ಬೆಳೆಸಬೇಕು. ಗಿಡ ದೊಡ್ಡದು, ಎಣ್ಣೆಯ ಇಳುವರಿ ಹೆಚ್ಚು, ಆದರೆ ಪರಿಮಳದಲ್ಲಿ ಕರ್ಪೂರದ ಕಟು ಸೇರಿಕೊಂಡಿರುತ್ತದೆ. ಸಾಬೂನಿಗೂ ಬಟ್ಟೆ ತೊಳೆಯುವ ಪುಡಿಗೂ ಹೋಗುವುದು ಬಹುಮಟ್ಟಿಗೆ ಇದೇ. ಮೇಲ್ತರಗತಿಯ ಅತ್ತರಿಗೆ ಬೇಕಾದುದು ಬೆಟ್ಟದ ಅಪ್ಪಟ ಹೂವು.

ಪರಿಮಳವಿರುವುದು ಹೂದಳದಲ್ಲಿ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಹೂವನ್ನು ಹೊತ್ತ ಹೊರಕವಚದ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿದೆ. ಕೊಯ್ದ ಹೂಕಡ್ಡಿಗಳನ್ನು ದೊಡ್ಡ ಹಂಡೆಯಲ್ಲಿ ತುಂಬಿ ಕೆಳಗಿನಿಂದ ಹಬೆಯನ್ನು ಹಾಯಿಸುತ್ತಾರೆ. ಹಬೆಯ ಬಿಸಿಗೆ ಗ್ರಂಥಿಗಳು ಬಿರಿದು ಎಣ್ಣೆ ಆವಿಯಾಗಿ ಮೇಲೇರುತ್ತದೆ. ತಣ್ಣೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯಲ್ಲಿ ಮತ್ತೆ ದ್ರವವಾಗುತ್ತದೆ. ಎಣ್ಣೆ ಮೇಲೆ ತೇಲುತ್ತದೆ. ಕೆಳಗೆ ನಿಂತ ನೀರು ನಮ್ಮ ಪನ್ನೀರಿನಂತೆ ಕಮ್ಮಗಿರುತ್ತದೆ. ಒಂದು ಕಿಲೋಗ್ರಾಂ ಅಪ್ಪಟ ಎಣ್ಣೆಗೆ ನೂರು ಕಿಲೋಗ್ರಾಮಿಗಿಂತಲೂ ಹೆಚ್ಚು ಹೂಕಡ್ಡಿ ಬೇಕೆಂದರೆ ಶೀಷೆಯ ಬೆಲೆ ಏಕೆ ಅಷ್ಟೆಂಬುದು ತಿಳಿಯುತ್ತದೆ.

ಈ ಚೆಲುವಿನ ಹಿಂದೆ ಚಿಂತೆಯೂ ಇದೆ. ಒಂದು ಬಗೆಯ ಜಿಗಿಹುಳು ಹರಡುವ ರೋಗ ಗಿಡದ ರಸನಾಳಗಳನ್ನು ಸೇರಿ ಅದನ್ನು ನಿಂತಲ್ಲೇ ಒಣಗಿಸುತ್ತದೆ. ಬರಗಾಲ ಬಂದ ವರ್ಷ ಹಾನಿ ಇಮ್ಮಡಿ. ಹುಳುವಿನ ಕಣ್ಣಿಗೆ ಮಣ್ಣೆರಚುವಂತೆ ಗಿಡಗಳ ಮೇಲೆ ಬಿಳಿಜೇಡಿಯ ನೀರನ್ನು ಸಿಂಪಡಿಸುವ, ಸಾಲುಗಳ ನಡುವೆ ಬೇರೆ ಪೈರನ್ನು ಬೆಳೆಸಿ ಅದನ್ನು ದಾರಿತಪ್ಪಿಸುವ ಉಪಾಯಗಳನ್ನು ರೈತರು ಕಂಡುಕೊಂಡಿದ್ದಾರೆ. ಬಲ್ಗೇರಿಯ ದೇಶದ ಪೈಪೋಟಿಯೂ ಕಡಮೆಯದಲ್ಲ. ಇತ್ತೀಚಿನ ವರ್ಷಗಳಲ್ಲಿ ಬೇಡಿಕೆಯನ್ನು ಮೀರಿ ಬೆಳೆದುದರಿಂದ ಎಣ್ಣೆಯ ಬೆಲೆಯೂ ಕುಸಿಯಿತು. ಕ್ಯಾಲೆಂಡರಿನ ಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ.

ಭದ್ರವಾಹದ ನೇರಳೆ ಕ್ರಾಂತಿ

ಅಷ್ಟು ದೂರ ಹೋಗಲಾರದವರಿಗೆ ನಮ್ಮ ದೇಶದಲ್ಲಿಯೇ ಒಂದು ಪ್ರೊವಾನ್ಸ್ ಹುಟ್ಟಿಕೊಂಡಿದೆ. ಜಮ್ಮು ಪ್ರದೇಶದ ದೋಡ ಜಿಲ್ಲೆಯಲ್ಲಿ ಭದ್ರವಾಹ ಎಂಬ ಕಣಿವೆಯುಂಟು. ದೇವದಾರು ಬೆಟ್ಟಗಳ ನಡುವಿನ ಆ ಊರನ್ನು ಚೊಕ್ಕವಾಗಿ ‘ಚಿಕ್ಕ ಕಾಶ್ಮೀರ’ ಎಂದೇ ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ಚಳಿಗಾಲದಲ್ಲಿ ಹಿಮ, ಬೇಸಗೆಯಲ್ಲಿ ಹಿತವಾದ ಬಿಸಿಲು, ಇಳಿಜಾರಿನ ಹೊಲಗಳು. ಲ್ಯಾವೆಂಡರಿಗೆ ಇದಕ್ಕಿಂತ ಬೇರೆ ಏನು ಬೇಕು?

ಅಲ್ಲಿನ ಬೆಟ್ಟದ ಹೊಲಗಳಲ್ಲಿ ಮೊದಲು ಬೆಳೆಯುತ್ತಿದ್ದುದು ಮುಖ್ಯವಾಗಿ ಮೆಕ್ಕೆಜೋಳ. ತುಂಡು ತುಂಡು ಜಮೀನು, ಮಳೆಯನ್ನೇ ನಂಬಿದ ಬೇಸಾಯ, ಬೆಳೆ ಕೈಸೇರುವ ಮೊದಲೇ ಲಗ್ಗೆಯಿಡುವ ಕಾಡುಪ್ರಾಣಿಗಳು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿದ ಜಮ್ಮುವಿನ ಸಂಶೋಧನಾಲಯವೊಂದು ಅಲ್ಲಿಯ ರೈತರಿಗೆ ಲ್ಯಾವೆಂಡರ್ ಸಸಿಗಳನ್ನು ಕೊಟ್ಟು, ಎಣ್ಣೆ ತೆಗೆಯುವ ಯಂತ್ರಗಳನ್ನು ನಿಲ್ಲಿಸಿ, ಬೇಸಾಯವನ್ನು ಕಲಿಸಿತು. 2016ರಲ್ಲಿ ಆರಂಭವಾದ ‘ಅರೋಮ ಮಿಷನ್’ ಎಂಬ ಯೋಜನೆ ಇದಕ್ಕೆ ವೇಗ ಕೊಟ್ಟಿತು. ಜನ ಇದನ್ನು ‘ನೇರಳೆ ಕ್ರಾಂತಿ’ ಎಂದು ಕರೆದರು. 2022ರಲ್ಲಿ ಭದ್ರವಾಹದಲ್ಲಿ ಲ್ಯಾವೆಂಡರ್ ಉತ್ಸವ ನಡೆಯಿತು. 2024ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಈ ಹೊಲಗಳ ಸ್ತಬ್ಧಚಿತ್ರ ದೆಹಲಿಯ ಬೀದಿಯಲ್ಲಿ ಸಾಗಿತು.

ಜೂನ್ ತಿಂಗಳಲ್ಲಿ ಅಲ್ಲಿಗೆ ಹೋದವರಿಗೆ ಮೊದಲು ಎದುರಾಗುವುದು ಬಣ್ಣವಲ್ಲ, ಸದ್ದು. ಸಾಲಿನ ನಡುವೆ ನಿಂತರೆ ಇಡೀ ಹೊಲವೇ ಗುಂಯ್‌ಗುಡುತ್ತದೆ, ಅಷ್ಟು ಜೇನುನೊಣಗಳು. ಅವಕ್ಕೆ ಮನುಷ್ಯನ ಗೊಡವೆಯಿಲ್ಲ. ಹೆಂಗಸರು ಗಂಡಸರು ಬಾಗಿ ಕುಡುಗೋಲಿನಿಂದ ಹೂಕಡ್ಡಿಗಳನ್ನು ಹಿಡಿಹಿಡಿಯಾಗಿ ಕೊಯ್ಯುತ್ತಾರೆ. ಬಿಸಿಲೇರಿದಂತೆ ಪರಿಮಳ ದಟ್ಟವಾಗುತ್ತದೆ. ನೋಡಲು ಹೋದವರು ಸಾಲುಗಳ ನಡುವೆಯೇ ನಡೆಯಬೇಕು, ಗಿಡಗಳನ್ನು ತುಳಿಯಬಾರದು, ಕೇಳದೆ ಹೂ ಕೀಳಬಾರದು. ಅದು ಉದ್ಯಾನವಲ್ಲ, ಒಂದು ಸಂಸಾರದ ವರ್ಷದ ಅನ್ನ.

ಒಮ್ಮೆ ನೆಟ್ಟ ಗಿಡ ಹತ್ತು ಹದಿನೈದು ವರ್ಷ ಫಲ ಕೊಡುತ್ತದೆ, ನೀರಾವರಿ ಬೇಡ, ದನಕರುಗಳು ಮೂಸುವುದಿಲ್ಲ. ಇವು ಲಾಭದ ಬದಿಯ ಲೆಕ್ಕ. ಆದರೆ ಎಣ್ಣೆಯನ್ನು ಉಣ್ಣಲಾಗುವುದಿಲ್ಲ. ಮೆಕ್ಕೆಜೋಳದ ಬೆಲೆ ಕುಸಿದರೆ ರೈತ ಅದನ್ನೇ ರೊಟ್ಟಿ ತಟ್ಟಿಕೊಂಡಾನು. ಲ್ಯಾವೆಂಡರಿನ ಬೆಲೆ ಕುಸಿದರೆ ಪರಿಮಳವನ್ನು ತಟ್ಟೆಗೆ ಬಡಿಸಲಾರ. ಪ್ರೊವಾನ್ಸಿನ ಅನುಭವ ಭದ್ರವಾಹಕ್ಕೆ ಎಚ್ಚರಿಕೆಯ ಗಂಟೆಯಾಗಬೇಕು. ಹೊಲದ ಒಂದು ಭಾಗದಲ್ಲಿ ಕಾಳು, ಒಂದು ಭಾಗದಲ್ಲಿ ಹೂ ಎಂಬ ಹಳೆಯ ಜಾಣತನವೇ ಇಲ್ಲಿಯೂ ಕಾಯಬಲ್ಲದು.

ಹಿತ್ತಿಲು ಉಳಿಸಿದ ಹೊಲ

ಇನ್ನು ಇಂಗ್ಲೆಂಡಿನ ಕಥೆ. ಲಂಡನ್ ನಗರದ ದಕ್ಷಿಣಕ್ಕಿದ್ದ ಮಿಚಮ್, ಕಾರ್ಶಲ್ಟನ್, ವಾಲಿಂಗ್‌ಟನ್ ಊರುಗಳು ಒಂದು ಕಾಲಕ್ಕೆ ಲ್ಯಾವೆಂಡರಿನ ತವರುಗಳು. 1749ರಲ್ಲಿ ಮಿಚಮ್‌ನಲ್ಲಿ ಆರಂಭವಾದ ಪಾಟರ್ ಅಂಡ್ ಮೂರ್ ವ್ಯಾಪಾರ ಸಂಸ್ಥೆ ಹೂವಿನ ಎಣ್ಣೆಯಿಂದಲೇ ಹೆಸರಾಯಿತು. ವಿಕ್ಟೋರಿಯ ರಾಣಿಗೆ ಈ ಪರಿಮಳ ಅಚ್ಚುಮೆಚ್ಚು. ಆದರೆ ರೈಲುಮಾರ್ಗ ಬಂದಿತು. ಅದರ ಹಿಂದೆಯೇ ನಗರ ಬಂದಿತು. ಹೂವಿಗಿಂತ ಮನೆಗೆ ಬೆಲೆ ಹೆಚ್ಚಾಯಿತು. ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಹೊಲಗಳು ಅಳಿದವು. ಬೀದಿಗಳ ಹೆಸರಿನಲ್ಲಿ ಮಾತ್ರ ಲ್ಯಾವೆಂಡರ್ ಉಳಿಯಿತು.

1990ರ ದಶಕದಲ್ಲಿ ಕಾರ್ಶಲ್ಟನ್ನಿನ ಕೆಲವರಿಗೆ ಆ ಬೆಳೆಯನ್ನು ಮತ್ತೆ ತರುವ ಮನಸ್ಸಾಯಿತು. ಹೊಲಗಳಿಲ್ಲ, ಗಿಡಗಳನ್ನು ತರುವುದೆಲ್ಲಿಂದ? ಸುತ್ತಿನ ಮನೆಗಳ ಕೈತೋಟಗಳಿಂದ! ಹಳೆಯ ಹೊಲಗಳ ತಳಿ ಅಲ್ಲಲ್ಲಿ ಅಜ್ಜಿಯರ ಬೇಲಿಬದಿಯಲ್ಲಿ ಇನ್ನೂ ಜೀವ ಹಿಡಿದಿತ್ತು. ಅಲ್ಲಿಂದ ಕಡ್ಡಿಗಳನ್ನು ಕೊಯ್ದು ತಂದು, ಸೆರೆಮನೆಯ ಕೈದಿಗಳ ಕೈಯಲ್ಲಿ ಸಸಿ ಮಾಡಿಸಿ, ಪಾಳುಬಿದ್ದ ತೋಟವೊಂದರಲ್ಲಿ ನೆಟ್ಟರು. ಇಂದು ಬೇಸಗೆಯಲ್ಲಿ ಊರ ಜನ ಅಲ್ಲಿಗೆ ಹೋಗಿ ತಾವೇ ಹೂ ಕೊಯ್ದುಕೊಳ್ಳುತ್ತಾರೆ. ಹೊಲ ಕೈಬಿಟ್ಟ ಗಿಡವನ್ನು ಹಿತ್ತಿಲು ಕಾಪಾಡಿತು. ಮನೆಯಲ್ಲಿ ಗಿಡ ಬೆಳೆಸುವುದು ಬರಿಯ ಹವ್ಯಾಸವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಮ್ಮ ಮನೆಯಲ್ಲಿ ಬೆಳೆದೀತೆ?

ಬೆಳೆದೀತು, ಆದರೆ ಗಿಡದ ಸ್ವಭಾವವನ್ನು ಅರಿತವರಿಗೆ. ಇದಕ್ಕೆ ಬಿಸಿಲು ಬೇಕು, ಸೆಕೆ ಬೇಡ. ನೀರು ಬೇಕು, ತೇವ ಬೇಡ. ಅಪ್ಪಟ ಜಾತಿ ಹೂ ಬಿಡಬೇಕಾದರೆ ಚಳಿಗಾಲದ ಕೊರೆತವನ್ನು ಉಣ್ಣಬೇಕು. ಬೆಂಗಳೂರು ಮೈಸೂರುಗಳ ಚಳಿ ಅದಕ್ಕೆ ಸಾಲದು. ಎಲೆ ಬಂದೀತು, ಹೂ ಅಪರೂಪ. ಕರಾವಳಿಯ ಬೆವರಿನಲ್ಲಿ ಬಾಳುವುದು ಇನ್ನೂ ಕಷ್ಟ. ಆದುದರಿಂದ ನಮ್ಮವರು ಅಂಚು ಗರಗಸದಂತಿರುವ ಎಲೆಯ ‘ಡೆಂಟೇಟ’ ಜಾತಿಯನ್ನು ಆರಿಸಿಕೊಳ್ಳುವುದು ಲೇಸು. ಪರಿಮಳ ತುಸು ಕರ್ಪೂರದಂತಾದರೂ ಇದು ನಮ್ಮ ಹವೆಗೆ ಹೆಚ್ಚು ಒಗ್ಗುತ್ತದೆ.

ಮಣ್ಣಿನ ಕುಂಡವೇ ಉತ್ತಮ, ಅದು ಉಸಿರಾಡುತ್ತದೆ. ತಳದಲ್ಲಿ ದೊಡ್ಡ ತೂತು ಇರಲಿ. ತೋಟದ ಮಣ್ಣಿಗೆ ಅಷ್ಟೇ ಪ್ರಮಾಣದ ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ. ಮಣ್ಣು ಹುಳಿಯಾಗಿದ್ದರೆ ಒಂದು ಚಿಟಿಕೆ ಸುಣ್ಣ ಅಥವಾ ಮೊಟ್ಟೆಯ ಸಿಪ್ಪೆಯ ಪುಡಿ ಸೇರಿಸಬಹುದು. ಗೊಬ್ಬರದಲ್ಲಿ ಜಿಪುಣರಾಗಿರಿ: ಕೊಬ್ಬಿದ ಗಿಡದಲ್ಲಿ ಸೊಪ್ಪು ಹೆಚ್ಚು, ಕಂಪು ಕಡಮೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಕಡೆ ಇಡಿ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ. ತುಲಸಿಗೆ ಹಾಕುವಂತೆ ದಿನವೂ ಒಂದು ಚೊಂಬು ಸುರಿದರೆ ಬೇರು ಕೊಳೆತು ಗಿಡ ಸಾಯುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಗಾಳಿಯಾಡುವ ಸೂರಿನಡಿಗೆ ತನ್ನಿ.

ಬೀಜ ಮೊಳೆಯಲು ತಡ. ಹಸಿಮರಳಿನಲ್ಲಿಟ್ಟು ನಾಲ್ಕು ವಾರ ತಣ್ಣನೆಯ ಪೆಟ್ಟಿಗೆಯಲ್ಲಿರಿಸಿ ಬಿತ್ತಿದರೆ ಬೇಗ ಎದ್ದೀತು. ಕಡ್ಡಿ ನೆಡುವುದು ಸುಲಭ. ಹೂವಿಲ್ಲದ ಎಳೆಯ ಕವಲನ್ನು ನಾಲ್ಕು ಅಂಗುಲ ಕತ್ತರಿಸಿ, ಕೆಳಗಿನ ಎಲೆಗಳನ್ನು ಸವರಿ, ಮರಳಿನಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಐದಾರು ವಾರದಲ್ಲಿ ಬೇರು ಬಿಡುತ್ತದೆ. ಹೂ ಮುಗಿದ ಮೇಲೆ ಗಿಡದ ಮೂರರಲ್ಲೊಂದು ಭಾಗವನ್ನು ಕತ್ತರಿಸಬೇಕು. ಹಸಿರಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿ ಇಳಿಸಿದರೆ ಮಾತ್ರ ಅದು ಮತ್ತೆ ಚಿಗುರದು.

ಗೊಂಚಲಿನ ಕೆಳಗಿನ ಹೂಗಳು ಅರಳಿ, ತುದಿ ಇನ್ನೂ ಮೊಗ್ಗಾಗಿರುವಾಗ ಕೊಯ್ಯಿರಿ. ಕಟ್ಟು ಕಟ್ಟಿ, ಗಾಳಿಯಾಡುವ ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಎರಡು ಮೂರು ವಾರದಲ್ಲಿ ಒಣಗುತ್ತದೆ. ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ ಸೀರೆಗಳ ನಡುವೆ ಇಟ್ಟರೆ ನುಸಿ ದೂರ, ಪರಿಮಳ ಹತ್ತಿರ. ಅಂಗಡಿಯ ಎಣ್ಣೆಯನ್ನು ಮಾತ್ರ ಎಂದೂ ಸೇವಿಸಬಾರದು.

ಮಲ್ಲಿಗೆಯ ಮಾತು

ಇಷ್ಟೆಲ್ಲ ಓದಿದ ಮೇಲೆ ಒಬ್ಬಿಬ್ಬರಾದರೂ ಕೇಳಿಯಾರು: ಮೈಸೂರು ಮಲ್ಲಿಗೆಯ ನಾಡಿನವರಿಗೆ ಈ ಪರದೇಶಿ ಹೂವಿನ ಹಂಬಲವೇಕೆ? ನ್ಯಾಯವಾದ ಪ್ರಶ್ನೆ. ಮಿಚಮ್‌ಗೆ ಆದದ್ದು ಮೈಸೂರಿಗೂ ಆಗುತ್ತಿದೆ. ನಗರದ ಸುತ್ತ ಇದ್ದ ಮಲ್ಲಿಗೆಯ ತೋಟಗಳು ಬಡಾವಣೆಗಳಾಗಿವೆ, ಉಳಿದವು ಕೆಲವು. ಹೂವಿಗೆ ಭೌಗೋಳಿಕ ಗುರುತಿನ ಮುದ್ರೆಯೇನೋ ದೊರೆತಿದೆ. ಆದರೆ ಮುದ್ರೆ ಗಿಡ ನೆಡಲಾರದು.

ಲ್ಯಾವೆಂಡರಿನ ಕುಂಡವನ್ನು ಇಡುವವರು ಧಾರಾಳವಾಗಿ ಇಡಲಿ. ಒಂದು ದೂರದ ನೆಲದ ಬೇಸಾಯವನ್ನು ಕೈಯಾರೆ ಅರಿತಂತಾದೀತು. ಅದರ ಪಕ್ಕದಲ್ಲಿಯೇ ಇನ್ನೊಂದು ಕುಂಡದಲ್ಲಿ ಊರಿನ ಮಲ್ಲಿಗೆಯ ಕಡ್ಡಿಯೊಂದನ್ನೂ ಊರಿದರೆ, ಮುಂದೆ ಯಾರಾದರೂ ಹೊಲವನ್ನು ಮತ್ತೆ ಎಬ್ಬಿಸಲು ಹೊರಟಾಗ ಕಡ್ಡಿ ಕೇಳಲು ನಮ್ಮ ಮನೆಬಾಗಿಲಿಗೂ ಬಂದಾರು.